ಹತ್ತು ನಿಮಿಷದಲ್ಲಿ ಮುಗಿಸಿದೆಯಂತೆ

ಪ್ರೀತಿಯ ಪುಟ್ಟಿಗೆ,

ದುರ್ಗದಿಂದ ನಿನ್ನ ದೊಡ್ಡಪ್ಪನ ಆಶೀರ್ವಾದ. ನಾವಿಬ್ಬರೂ ಕ್ಷೇಮ. ನಿನ್ನ ದೊಡ್ಡಮ್ಮನ ಮೊಣಕಾಲು ನೋವು ಮೊದಲಿನ ಹಾಗೇ ಇದೆ. ಬೈಗುಳವೂ ಮೊದಲಿನ ಹಾಗೇ ಇದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ ದೊಡ್ಡಪ್ಪ, ಹೂಂ ದೊಡ್ಡಪ್ಪ" ಅನ್ನುತ್ತೀಯ, ಹಿಂದಿನಿಂದ ಯಾವುದೋ ವಿಡಿಯೋ ಸದ್ದು ಕೇಳುತ್ತಿರುತ್ತೆ. ಅದಕ್ಕೇ ಕಾಗದ ಹಿಡಿದು ಕೂತೆ.

ಹೋದ ಭಾನುವಾರ ನೀನೂ ನಿನ್ನ ಗೆಳತಿಯರೂ ದಾವಣಗೆರೆಯಿಂದ ಬಂದು ಕೋಟೆ ಹತ್ತಿದಿರಿ. ಇಳಿದ ಮೇಲೆ ರಂಗಯ್ಯನ ಬಾಗಿಲಿನ ಸಂಗ್ರಹಾಲಯಕ್ಕೂ ಹೋದಿರಿ. "ಅಲ್ಲೇನೂ ಇಲ್ಲ ದೊಡ್ಡಪ್ಪ. ಒಡೆದ ಕಲ್ಲು, ಮಡಕೆ ಚೂರು, ತುಕ್ಕು ಹಿಡಿದ ಕತ್ತಿ. ಹತ್ತು ನಿಮಿಷದಲ್ಲಿ ಮುಗೀತು" ಅಂದೆ. ಆಮೇಲೆ ದುರ್ಗದಲ್ಲಿ ತಿಂದ ಬೆಣ್ಣೆದೋಸೆಗಿಂತ ನಿಮ್ಮ ದಾವಣಗೆರೆಯದೇ ಎಷ್ಟು ಮೇಲು ಅಂತ ಅರ್ಧ ಗಂಟೆ ಮಾತಾಡಿದೆ. ದೋಸೆ ವಿಷಯದಲ್ಲಿ ನಿನ್ನ ಮಾತು ಒಪ್ಪಿದೆ.

ಸಂಗ್ರಹಾಲಯದ ವಿಷಯದಲ್ಲಿ ನನಗೆ ಸಿಟ್ಟೇನೂ ಬರಲಿಲ್ಲ ಕಣೆ. ನಾನು ನಿನಗಿಂತ ಬೇಗ ಮುಗಿಸಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ, ಬಿಸಿಲು ಜಾಸ್ತಿ ಅಂತ ನೆರಳಿಗೆ ಒಳಗೆ ಹೋಗಿದ್ದೆ. ಬೆವರು ಆರಿದ ಕೂಡಲೇ ಹೊರಗೆ ಬಂದೆ. ಆಮೇಲೆ ಎಷ್ಟೋ ವರ್ಷ ಅದರ ಕಡೆ ತಲೆ ಹಾಕಿಲ್ಲ. ಆದ್ದರಿಂದ ಇದನ್ನು ಬುದ್ಧಿವಾದ ಅಂತ ತಿಳಿಯಬೇಡ. ತಡವಾಗಿ ಕಣ್ಣು ಬಿಟ್ಟವನು ಬರೆದದ್ದು ಅಂತ ತಿಳಿ.

ಮೊದಲನೇ ತಪ್ಪು ನೀವು ಮಾಡಿದ್ದು ಕೋಟೆ ಹತ್ತಿ ಇಳಿದು ಆಮೇಲೆ ಅಲ್ಲಿಗೆ ಹೋಗಿದ್ದು. ಏಳು ಸುತ್ತು ಸುತ್ತಿ ಕಾಲು ಸೋತಿರುತ್ತೆ, ಹೊಟ್ಟೆ ಹಸಿದಿರುತ್ತೆ. ಆಗ ಕಣ್ಣಿಗೆ ಬೀಳೋದು ಕೂರೋ ಬೆಂಚು ಮಾತ್ರ. ಬೆಳಗ್ಗೆ ಮೊದಲು ಅಲ್ಲಿಗೆ ಹೋಗು. ಕೋಟೆ ಸಾಯಂಕಾಲದವರೆಗೂ ಕಾಯುತ್ತೆ.

ಎರಡನೆಯದು, ನೀನು ಸಂಗ್ರಹಾಲಯದ ಒಳಗೆ ಏನಿದೆ ಅಂತ ಹುಡುಕಿದೆ. ಅದು ಇರೋ ಜಾಗ ಯಾವುದು ಅಂತ ನೋಡಿದೆಯಾ? ರಂಗಯ್ಯನ ಬಾಗಿಲು ಅಂದರೆ ಹೆಸರಿಗಷ್ಟೇ ಬಾಗಿಲು ಅಲ್ಲ. ಕೆಳಗಿನ ಊರನ್ನು ಬಳಸಿದ್ದ ಹೊರಕೋಟೆಯ ಹೆಬ್ಬಾಗಿಲು ಅದು. ಸಂತೆ ಬಾಗಿಲು, ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಅಂತ ಇನ್ನೂ ಇದ್ದವು. ಈಗಲೂ ಆಟೋದವನಿಗೆ "ಸಂತೆ ಬಾಗಿಲ ಹತ್ರ" ಅಂದರೆ ಸಾಕು, ಮರುಮಾತಿಲ್ಲದೆ ಮೀಟರ್ ಬಿಟ್ಟು ರೇಟು ಹೇಳುತ್ತಾನೆ. ಗೋಡೆ ಮರೆಯಾದರೂ ಬಾಗಿಲು ಬಾಯಲ್ಲಿ ಉಳಿದಿದೆ. ನೀನು ಟಿಕೆಟ್ ಎಲ್ಲಿ ಅಂತ ಹುಡುಕುತ್ತಿದ್ದಾಗಲೇ ಮೊದಲನೇ ವಸ್ತುವಿನ ಒಳಗೆ ನಿಂತಿದ್ದೆ.

ಇನ್ನು ಆ ಒಡೆದ ಕಲ್ಲುಗಳು. ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಊರಿಗೆ ಬಂದರೆ ಹನುಮಪ್ಪನ ಗುಡಿ ಹಿಂದೆ ಒಂದು ಕಲ್ಲಿನ ಮೇಲೆ ಕೂತು ಹುಣಸೆಕಾಯಿ ತಿನ್ನುತ್ತಿದ್ದೆಯಲ್ಲ, ನೆನಪಿದೆಯಾ? ಅರ್ಧ ಮಣ್ಣಲ್ಲಿ ಹೂತು, ವಾಲಿಕೊಂಡಿದ್ದ ಕಲ್ಲು. ನಮ್ಮಜ್ಜಿ ಅದನ್ನು ಈರಗಲ್ಲು ಅನ್ನುತ್ತಿದ್ದಳು. ಅಂಥವೇ ಕಲ್ಲುಗಳನ್ನು ನೀನು ಭಾನುವಾರ ನೋಡಿ "ಒಡೆದ ಕಲ್ಲು" ಅಂದದ್ದು. ವೀರಗಲ್ಲನ್ನು ಪುಸ್ತಕದ ಹಾಗೆ ಮೇಲಿನಿಂದ ಓದಬಾರದು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಜಗಳ ನಡೆಯುತ್ತಿರುತ್ತೆ. ಕತ್ತಿ, ಬಿಲ್ಲು, ಕೆಲವೊಮ್ಮೆ ಕುದುರೆ. ಹಸುಗಳು ಇದ್ದರೆ ಅದು ತುರುಗೋಳು. ಯಾರೋ ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದಾರೆ, ಇವನು ಅಡ್ಡ ನಿಂತಿದ್ದಾನೆ. ನಡುವಿನ ಪಟ್ಟಿಯಲ್ಲಿ ಅವನು ಸತ್ತಿದ್ದಾನೆ, ಎರಡು ಕಡೆ ಅಪ್ಸರೆಯರು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಶಿವಲಿಂಗದ ಮುಂದೆ ಕೂತಿದ್ದಾನೆ. ಎಲ್ಲಕ್ಕಿಂತ ಮೇಲೆ ಸೂರ್ಯ, ಚಂದ್ರ. ಅವೆರಡೂ ಇರುವವರೆಗೆ ಇವನ ಹೆಸರು ಇರಲಿ ಅಂತ.

ಅವನ ಹೆಸರು ಎಷ್ಟೋ ಕಲ್ಲುಗಳಲ್ಲಿ ಉಳಿದಿಲ್ಲ. ಅಕ್ಷರ ಸವೆದಿದೆ, ಇಲ್ಲವೇ ಬರೆಸೋಕೆ ಮನೆಯವರ ಹತ್ತಿರ ದುಡ್ಡಿರಲಿಲ್ಲವೋ ಏನೋ. ಆದರೂ ಅವನ ದನ ಉಳಿದಿವೆ ನೋಡು, ಕಲ್ಲಿನಲ್ಲಿ.

ಅದೇ ಸಾಲಿನಲ್ಲಿ ಒಂದು ಕಂಬ, ಅದರಿಂದ ಹೊರಗೆ ಚಾಚಿದ ಹೆಣ್ಣಿನ ತೋಳು, ಕೈತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು ಕಂಡರೆ ಅದು ಮಾಸ್ತಿಕಲ್ಲು. ಗಂಡನ ಚಿತೆ ಏರಿದವಳದ್ದು. ಅಲ್ಲಿ ನಿಂತು ಸೆಲ್ಫಿ ತೆಗೆಯಬೇಡ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ನಿನಗೆ.

ಮಡಕೆ ಚೂರಿನ ಮಾತಿಗೆ ಬರುತ್ತೇನೆ. ಅದನ್ನು ನೀನು ಅಂದಾಗ ಮಾತ್ರ ಸ್ವಲ್ಪ ಚುಚ್ಚಿತು.

ಚಂದ್ರವಳ್ಳಿ ನಿನಗೆ ಗೊತ್ತು. ಕೆರೆ, ಗುಹೆ, ಅಂಕಲಿ ಮಠ, ಭಾನುವಾರ ಬಂದರೆ ಕಡಲೆಕಾಯಿ ಸಿಪ್ಪೆ. ಅಲ್ಲಿ 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅಗೆಸಿದರು. ಸಾತವಾಹನರ ಕಾಲದ ಸೀಸದ ನಾಣ್ಯ ಸಿಕ್ಕವು. ರೋಮ್ ಚಕ್ರವರ್ತಿ ಅಗಸ್ಟಸ್ಸನ, ಟೈಬೀರಿಯಸ್ಸನ ಬೆಳ್ಳಿ ನಾಣ್ಯವೂ ಇಲ್ಲಿ ಸಿಕ್ಕಿವೆ. ನಮ್ಮ ಚಂದ್ರವಳ್ಳಿಯಲ್ಲಿ! ಸಮುದ್ರ ಎಲ್ಲಿ, ದುರ್ಗ ಎಲ್ಲಿ. ಆಮೇಲೆ 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬಂದು ಚಂದ್ರವಳ್ಳಿಯಲ್ಲೂ ಮೊಳಕಾಲ್ಮುರು ಕಡೆಯ ಬ್ರಹ್ಮಗಿರಿಯಲ್ಲೂ ಅಗೆಸಿದ. ಅವನು ಬಂದದ್ದು ಬಂಗಾರಕ್ಕಲ್ಲ, ಮಡಕೆ ಚೂರಿಗೆ. ಎರಡು ವರ್ಷ ಮೊದಲು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅವನಿಗೆ ಒಂದು ಬಗೆಯ ತಟ್ಟೆಯ ಚೂರು ಸಿಕ್ಕಿತ್ತು. ತಳದಲ್ಲಿ ಸುತ್ತಲೂ ಸಣ್ಣ ಸಣ್ಣ ಕಚ್ಚುಗಳ ಸಾಲು ಇರುವಂಥದ್ದು. ಅದರ ಜೊತೆಗೇ ಇಟಲಿಯಿಂದ ಬಂದ ಪಾತ್ರೆಗಳೂ ಸಿಕ್ಕಿದ್ದವು. ಇಟಲಿಯ ಪಾತ್ರೆಯ ಕಾಲ ಗೊತ್ತಿತ್ತು. ಅದರಿಂದ ಈ ತಟ್ಟೆಯ ಕಾಲವೂ ಗೊತ್ತಾಯಿತು. ಅಂಥದೇ ತಟ್ಟೆಯ ಚೂರು ನಮ್ಮ ಕಡೆ ಮಣ್ಣಿನ ಯಾವ ಪದರದಲ್ಲಿ ಸಿಗುತ್ತೋ ಆ ಪದರಕ್ಕೆ ವಯಸ್ಸು ಬಂತು. ಅದರ ಕೆಳಗಿನದು ಹಳೆಯದು, ಮೇಲಿನದು ಹೊಸದು. ದಕ್ಷಿಣ ಭಾರತದ ಹಳೇ ಕಾಲಕ್ಕೆ ಒಂದು ಲೆಕ್ಕ ಸಿಕ್ಕಿದ್ದು ಹೀಗೆ.

ಇಂಜಿನಿಯರಿಂಗ್ ಓದುತ್ತೀಯ, ನಿನಗೆ ಈ ಲೆಕ್ಕ ಬೇಗ ಅರ್ಥವಾಗುತ್ತೆ. ರಾಜನ ಕಿರೀಟ ಸಿಕ್ಕಿದ್ದರೆ ಬರೀ ಫೋಟೋಗೆ ಬರುತ್ತಿತ್ತು. ಊಟದ ತಟ್ಟೆಯ ಚೂರು ಕಾಲ ಹೇಳಿತು.

ಒಂದು ಮಾತು. ಸಂಗ್ರಹಾಲಯದಲ್ಲಿ ವಸ್ತುವಿನ ಪಕ್ಕ ಅಂಟಿಸಿರುವ ಚೀಟಿ ಇರುತ್ತಲ್ಲ, ಅದರಲ್ಲಿ ಎಲ್ಲರೂ ಮೊದಲನೇ ಸಾಲು ಓದುತ್ತಾರೆ, "ಮಡಕೆ" ಅಂತ. ನೀನು ಊರಿನ ಹೆಸರು ಓದು. ದೊಡ್ಡ ನಗರದ ದೊಡ್ಡ ಸಂಗ್ರಹಾಲಯದಲ್ಲಿ ಎಲ್ಲೆಲ್ಲಿಯದೋ ಬಂದು ಕೂತಿರುತ್ತೆ. ಇಂಥ ಪುಟ್ಟ ಜಾಗದಲ್ಲಿ ಇರೋದೆಲ್ಲ ಹೆಚ್ಚುಕಡಿಮೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ್ದು. ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಚೀಟಿಯಲ್ಲಿ ಊರು ಕಂಡರೆ ಒಂದು ದಿನ ಆ ಊರಿಗೆ ಹೋಗು.

ಬ್ರಹ್ಮಗಿರಿಗೆ ನಾನು ಹಾಗೇ ಹೋದದ್ದು. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಹತ್ತಿರದಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇವೆ. ಶಾಸನ ತಜ್ಞ ಬಿ.ಎಲ್. ರೈಸ್ ಅವನ್ನು 1892ರಲ್ಲಿ ಪತ್ತೆ ಮಾಡಿದರು. ಅದು ಹೇಗೆ ಶುರುವಾಗುತ್ತೆ ಗೊತ್ತಾ? ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಅಧಿಕಾರಿಗಳು, ಇಲ್ಲಿನ ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ ಆರೋಗ್ಯ ಹೇಳಿ ಕಳಿಸಿದ್ದಾರೆ. ಅಂದರೆ "ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಅನ್ನೋ ಥರ! ಆಮೇಲೆ ವಿಷಯ. ಕೊನೆಗೆ ತಂದೆ ತಾಯಿ ಮಾತು ಕೇಳಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರ ಜೊತೆ ಸರಿಯಾಗಿ ನಡೆದುಕೊಳ್ಳಬೇಕು ಅಂತ ಬುದ್ಧಿಮಾತು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಜಿಲ್ಲೆಗೆ ಬಂದ ದೊಡ್ಡಪ್ಪನ ಕಾಗದ ಅದು. ದೊಡ್ಡಪ್ಪಂದಿರು ಬದಲಾಗಿಲ್ಲ ಅಂತ ನಗಬೇಡ.

ನನಗೆ ಅದರಲ್ಲಿ ಇಷ್ಟವಾಗೋದು ಕೊನೆಯ ಸಹಿ. ಬರೆದವನು ಚಪಡ ಅನ್ನೋ ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿ ಬರೆದು, "ಲಿಪಿಕಾರ" ಅನ್ನೋ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಕಡೆ, ಗಾಂಧಾರದ ಕಡೆ ಬಳಸುತ್ತಿದ್ದ ಲಿಪಿ. ಬಲದಿಂದ ಎಡಕ್ಕೆ ಬರೆಯೋದು. ಇಲ್ಲಿ ಅದು ಬಳಕೆಯಲ್ಲಿ ಇರಲಿಲ್ಲ. ಯಾಕೆ ಬರೆದ? ಆ ಕಡೆಯಿಂದ ಬಂದವನೋ, ತನಗೆ ಎರಡು ಲಿಪಿ ಬರುತ್ತೆ ಅಂತ ತೋರಿಸಿಕೊಂಡನೋ. ನಾನೂ ಗುಮಾಸ್ತನೇ ಆಗಿದ್ದೆ. ನನಗೆ ಅನ್ನಿಸೋದು, ದಿನವಿಡೀ ಬೇರೆಯವರ ಮಾತು ಬರೆದು ಬರೆದು ಕೊನೆಗೆ ಒಂದು ಪದ ತನಗಾಗಿ ಬರೆದುಕೊಂಡ.

ಗುಮಾಸ್ತ ಅಂದೆನಲ್ಲ, ಈಗ ನಿಜವಾಗಿ ಹೇಳಬೇಕಾದ ಕಥೆ ಹೇಳುತ್ತೇನೆ. ನಿಮ್ಮಪ್ಪನಿಗೂ ಹೇಳಿಲ್ಲ.

ನಾನು ಮೂವತ್ತೆರಡು ವರ್ಷ ದಾಖಲೆ ಕೋಣೆಯಲ್ಲಿ ಕೂತವನು. ದಿನಕ್ಕೆ ನೂರು ಸಲ "ಕಡತ" ಅನ್ನುತ್ತಿದ್ದೆ. ಕಡತ ತನ್ನಿ, ಕಡತ ಇಡಿ, ಕಡತ ಸಿಗುತ್ತಿಲ್ಲ. ನನಗೆ ಕಡತ ಅಂದರೆ ಕೆಂಪು ದಾರ ಕಟ್ಟಿದ ಫೈಲು, ಅಷ್ಟೇ. ಒಂದು ಸಲ ಕೆಲಸದ ಮೇಲೆ ಬೇರೊಂದು ಊರಿಗೆ ಹೋಗಿದ್ದೆ. ಬಸ್ಸಿಗೆ ಎರಡು ಗಂಟೆ ಇತ್ತು, ಮಳೆ ಬೇರೆ. ಪಕ್ಕದಲ್ಲಿ ಒಂದು ಪುಟ್ಟ ಸಂಗ್ರಹಾಲಯ. ಒಳಗೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ಕಪ್ಪಗೆ, ದಪ್ಪಗೆ, ಬೀಸಣಿಗೆ ಥರ ಮಡಿಸಿದ ಬಟ್ಟೆ. ಮೇಲೆ ಬಿಳಿ ಅಕ್ಷರ. ಕೆಳಗೆ ಚೀಟಿ: "ಕಡತ".

ಕಾಲು ಅಲ್ಲೇ ನಿಂತುಬಿಟ್ಟಿತು.

ಅಲ್ಲಿನ ಕಾವಲುಗಾರ ಒಳ್ಳೆಯವನು. ಬೇರೆ ಯಾರೂ ಇರಲಿಲ್ಲ, ವಿವರಿಸಿದ. ಹುಣಸೆ ಬೀಜ ಅರೆದು ಅಂಟು ಮಾಡುತ್ತಿದ್ದರು. ಅದಕ್ಕೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು ಒಣಗಿಸುತ್ತಿದ್ದರು. ಬಟ್ಟೆ ರಟ್ಟಿನ ಹಾಗೆ ಬಿರುಸಾಗುತ್ತಿತ್ತು. ಮಡಿಸಿ ಇಟ್ಟುಕೊಂಡು ಬಳಪದಲ್ಲಿ ಬರೆಯೋದು. ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು, ಮತ್ತೆ ಬರೆಯಬಹುದು. ವ್ಯಾಪಾರದ ಲೆಕ್ಕ, ಊರಿನ ಲೆಕ್ಕ ಎಲ್ಲ ಇದರಲ್ಲೇ. ಕಾಗದ ಬಂದ ಮೇಲೆ ಬಟ್ಟೆ ಹೋಯಿತು, ಹೆಸರು ಫೈಲಿಗೆ ಅಂಟಿಕೊಂಡಿತು.

ಅವನು ಹೇಳುತ್ತಾ ಇದ್ದ. ನನಗೆ ನಮ್ಮೂರ ಮನೆಯ ಅಟ್ಟ ಕಣ್ಣ ಮುಂದೆ ಬಂದಿತ್ತು. ನನಗೆ ಹತ್ತು ವರ್ಷ ಇರಬೇಕು. ಅಜ್ಜನ ಪೆಟ್ಟಿಗೆಯಲ್ಲಿ ಇಂಥದ್ದೇ ಒಂದು ಇತ್ತು. ಅಜ್ಜನ ಅಪ್ಪ ಕಾಳುಕಡಿ ವ್ಯಾಪಾರ ಮಾಡುತ್ತಿದ್ದರಂತೆ. ಅವರ ಬರಹ. ನನಗೆ ಕಂಡಿದ್ದು ಒಂದು ದೊಡ್ಡ ಸ್ಲೇಟು, ಮಡಿಸೋಕೆ ಬರುವ ಸ್ಲೇಟು! ಬಾವಿ ಹತ್ತಿರ ಕೂತು, ಒದ್ದೆ ಬಟ್ಟೆಯಲ್ಲಿ ಮಡಿಕೆ ಮಡಿಕೆಯೂ ಒರೆಸಿದೆ. ಹದಿಮೂರರ ಮಗ್ಗಿ ಬರೆದೆ. ಆಮೇಲೆ ಒಂದು ಎತ್ತಿನ ಗಾಡಿ ಬಿಡಿಸಿದೆ. ಚೆನ್ನಾಗಿಯೇ ಬಂದಿತ್ತು.

ಅಜ್ಜ ಹೊಲದಿಂದ ಬಂದು ನೋಡಿದರು. ಹೊಡೆಯುತ್ತಾರೆ ಅಂತ ನಾನು ಓಡಲು ತಯಾರಾಗಿದ್ದೆ. ಅವರು ಸುಮ್ನೆ ಸ್ವಲ್ಪ ಹೊತ್ತು ನಿಂತರು. "ಯಾರ್ಯಾರು ನಮಗೆ ಎಷ್ಟೆಷ್ಟು ಖಂಡುಗ ರಾಗಿ ಕೊಡಬೇಕು ಅಂತ ಅದರಲ್ಲಿ ಇತ್ತು ಕಣೋ. ಹೋಗ್ಲಿ, ಇವತ್ತಿಗೆ ಎಲ್ಲರ ಸಾಲವೂ ತೀರಿತು" ಅಂದು ಕಾಲು ತೊಳೆಯಲು ಹೋದರು. ಮನೆಯಲ್ಲಿ ಎಲ್ಲರೂ ನಕ್ಕರು. ಎಷ್ಟೋ ವರ್ಷ ನಾನೂ ಅದನ್ನು ನಗೆಮಾತಾಗಿ ಹೇಳಿಕೊಂಡು ತಿರುಗಿದ್ದೆ. ಆ ಗಾಜಿನ ಪೆಟ್ಟಿಗೆ ಮುಂದೆ ನಿಂತ ಮೇಲೆ ಹೇಳೋದು ಬಿಟ್ಟೆ.

ನೋಡು, ನಾನು ಒರೆಸಿದ್ದು ಸಾಲದ ಲೆಕ್ಕ ಮಾತ್ರ ಅಲ್ಲ. ಆ ಬರಗಾಲದ ಸೀಮೆಯಲ್ಲಿ ಯಾವ ಊರಿನವರು ಯಾವ ತಿಂಗಳು ರಾಗಿ ಇಲ್ಲದೆ ನಮ್ಮ ಬಾಗಿಲಿಗೆ ಬಂದರು, ಯಾರು ತೀರಿಸಿದರು, ಯಾರು ಊರು ಬಿಟ್ಟರು, ಎಲ್ಲ ಅದರಲ್ಲಿ ಇದ್ದಿರಬೇಕು. ಅದನ್ನು ಯಾವ ರಾಜನೂ ಕಲ್ಲಿನಲ್ಲಿ ಕೆತ್ತಿಸೋದಿಲ್ಲ.

ದುರ್ಗದಲ್ಲಿ ಒಬ್ಬರು ಇಂಥವು ಹಾಳಾಗದಿರಲಿ ಅಂತ ತಮ್ಮ ಜೀವಮಾನ ತೇದರು. ಹುಲ್ಲೂರು ಶ್ರೀನಿವಾಸ ಜೋಯಿಸರು. ಹಳ್ಳಿ ಹಳ್ಳಿ ಅಲೆದು ಹಳೇ ವಸ್ತು, ಹಳೇ ಬರಹ ಕೂಡಿಹಾಕಿದರು. ನೀನು ಹತ್ತು ನಿಮಿಷದಲ್ಲಿ ಮುಗಿಸಿದ ಸಂಗ್ರಹಾಲಯಕ್ಕೆ ಅವರ ಸಂಗ್ರಹವೇ ಬುನಾದಿ. ಅಟ್ಟ ಗುಡಿಸಿ ಹಂಡೆ ಒಲೆಗೆ ಹಾಕಬೇಕು ಅಂತಿದ್ದ ಓಲೆಗರಿಯನ್ನು "ಅಮ್ಮಾ, ಅದು ನನಗೆ ಕೊಡಿ" ಅಂತ ಕೇಳಿ ತರೋದು ಸುಲಭದ ಕೆಲಸ ಅಂದುಕೊಂಡೆಯಾ? ಕೇಳಿದ ಕೂಡಲೇ ಅದರಲ್ಲಿ ನಿಧಿಯ ಗುಟ್ಟು ಇದೆ ಅಂತ ಜನಕ್ಕೆ ಅನುಮಾನ ಬರುತ್ತೆ. ಕೊಡೋದಿಲ್ಲ. ತಾವೂ ಓದೋದಿಲ್ಲ.

ಓಲೆಗರಿ ಅಂದಾಗ ನೆನಪಾಯಿತು. ಓಲೆ ಅಂದರೆ ಗರಿಯೂ ಹೌದು, ಕಾಗದವೂ ಹೌದು. ಮದುವೆಗೆ ಕರೆಯೋಲೆ ಅಂತೀವಲ್ಲ. ಗರಿಯ ಮೇಲೆ ಕಂಠ ಅನ್ನೋ ಚೂಪಾದ ಕಬ್ಬಿಣದ ಕಡ್ಡಿಯಿಂದ ಗೀರಿ, ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಮಾತ್ರ ಮಸಿ ಉಳಿದು ಅಕ್ಷರ ಎದ್ದು ಕಾಣುತ್ತೆ. ಗಾಜಿನ ಒಳಗೆ ಒಂದು ಕಟ್ಟು ಕಂಡರೆ ಬಗ್ಗಿ ನೋಡು. ಮೊದಲು ಬರೀ ಹುಳ ಹರಿದ ಹಾಗಿರುತ್ತೆ. ಐದು ನಿಮಿಷ ನೋಡಿದರೆ ಒಂದು "ನ", ಒಂದು "ಮ" ಸಿಗುತ್ತೆ. ಆ ಐದು ನಿಮಿಷಕ್ಕೇ ನಾನು ಇಷ್ಟು ಹೇಳುತ್ತಿರೋದು. ಎಲ್ಲವನ್ನೂ ನೋಡಬೇಡ. ಒಂದು ವಸ್ತು ಆರಿಸಿಕೋ, ಅದರ ಮುಂದೆ ಕೂತುಕೋ. ಉಳಿದದ್ದಕ್ಕೆ ಇನ್ನೊಂದು ಭಾನುವಾರ.

ನಿನ್ನ ಗೆಳತಿ ಓಬವ್ವನ ಒನಕೆ ಎಲ್ಲಿಟ್ಟಿದ್ದಾರೆ ಅಂತ ಕೇಳಿದಳಂತೆ. ಎಲ್ಲರೂ ಕೇಳುತ್ತಾರೆ. ಕಿಂಡಿ ನೋಡಿಯಾಯಿತಲ್ಲ, ಸಾಕು ಅನ್ನು.

ಇನ್ನು ಕಾದಂಬರಿಕಾರ ತ.ರಾ.ಸು. ಬಗ್ಗೆ. ಕೋಟೆ ನೋಡಿ ಬಂದ ಮೇಲೆ ದುರ್ಗಾಸ್ತಮಾನ ಓದುತ್ತೇನೆ ಅಂದೆ. ಓದು. ಅವರು 1984ರಲ್ಲಿ ತೀರಿಕೊಂಡರು, ಮರುವರ್ಷ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಹುಟ್ಟಿದ್ದು ನಿಮ್ಮ ಕಡೆಯ ಮಲೇಬೆನ್ನೂರಿನಲ್ಲಿ, ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಕುವೆಂಪು ಅವರು ತಮ್ಮ ರಾಮಾಯಣವನ್ನು ಅರ್ಪಿಸಿದ್ದು ತಮ್ಮ ಗುರು ವೆಂಕಣ್ಣಯ್ಯನವರಿಗೆ ಅಲ್ವಾ, ಅವರೂ ಅದೇ ತಳುಕಿನ ಮನೆಯವರು. ಅಷ್ಟು ಚಿಕ್ಕ ಊರು! ಕಾದಂಬರಿ ಓದಿದರೆ ಅಳು ಬರುತ್ತೆ, ನನಗೂ ಬಂತು. 1779ರಲ್ಲಿ ಹೈದರಾಲಿ ಕೈಗೆ ಕೋಟೆ ಬಿದ್ದ ದಿನ ನಾನೇ ಅಲ್ಲಿ ನಿಂತಿದ್ದ ಹಾಗೆ ಅನ್ನಿಸಿತು. ಅತ್ತು ಮುಗಿದ ಮೇಲೆ ಮತ್ತೆ ಸಂಗ್ರಹಾಲಯಕ್ಕೆ ಬಂದು ಆ ತುಕ್ಕು ಹಿಡಿದ ಕತ್ತಿ ನೋಡು. ಹಿಡಿ ಎಷ್ಟು ಚಿಕ್ಕದು ಅಂತ ಗಮನಿಸು. ನನ್ನ ಕೈ ಅದರೊಳಗೆ ಹಿಡಿಸಲಾರದು. ಕಾದಂಬರಿ ಓದುವಾಗ ಎಲ್ಲರೂ ಆರಡಿ ಎತ್ತರ ಇರುತ್ತಾರೆ.

ದಾವಣಗೆರೆಯಲ್ಲಿ ಏನೂ ಇಲ್ಲ ಅಂತಲೂ ಅಂದೆ. 1997ರವರೆಗೆ ನೀವೂ ನಾವೂ ಒಂದೇ ಜಿಲ್ಲೆ. ರೈಸ್ ಅವರ ಶಾಸನ ಸಂಪುಟಗಳಲ್ಲಿ ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಯದು, ನಿಮ್ಮ ದಾವಣಗೆರೆ, ಹರಿಹರದ ಶಾಸನಗಳು ಅದರಲ್ಲೇ ಇವೆ. ಹರಿಹರಕ್ಕೆ ಬಸ್ಸು ಹತ್ತಿ ಹರಿಹರೇಶ್ವರನ ಗುಡಿಗೆ ಹೋಗು. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅಂಗಳದಲ್ಲಿ ನಿಲ್ಲಿಸಿರುವ ಶಾಸನಗಳ ಮುಂದೆ ನಿಂತು ಒಂದು ಸಾಲು ಓದಲು ನೋಡು. ಹಳಗನ್ನಡ ಬರದಿದ್ದರೂ ಪರವಾಗಿಲ್ಲ.

ಮುಂದಿನ ಸಲ ಬರುವಾಗ ಸೋಮವಾರ ಬರಬೇಡ. ಇಂಥ ಕಡೆ ಸಾಮಾನ್ಯವಾಗಿ ಸೋಮವಾರ ಬೀಗ ಇರುತ್ತೆ. ಪೆನ್ನು ಬೇಡ, ಪೆನ್ಸಿಲ್ ತಾ, ಹಳೇ ವಸ್ತುಗಳ ಹತ್ತಿರ ಶಾಯಿ ಒಳ್ಳೆಯದಲ್ಲ. ಮುಟ್ಟಬೇಡ, ಕೈ ಬೆವರಿಗೆ ಕಬ್ಬಿಣವೂ ಹಾಳು, ಗರಿಯೂ ಹಾಳು. ಫೋಟೋ ತೆಗೆಯುವ ಮೊದಲು ಕೇಳು. ಕಾವಲು ಕೂತವರಿಗೆ ನಮಸ್ಕಾರ ಹೇಳಿ, "ಇದರಲ್ಲಿ ನಿಮಗೆ ಯಾವುದು ಇಷ್ಟ" ಅಂತ ಕೇಳು. ಇಡೀ ದಿನ ಅವರನ್ನು ಯಾರೂ ಏನೂ ಕೇಳಿರುವುದಿಲ್ಲ, ಟಾಯ್ಲೆಟ್ ಎಲ್ಲಿ ಅನ್ನೋದು ಬಿಟ್ಟು.

ಅಜ್ಜನ ಪೆಟ್ಟಿಗೆಯ ಆ ಕಡತ ಎಲ್ಲಿದೆ ಅಂತ ಕೇಳುತ್ತೀಯ ಅಂತ ಗೊತ್ತು. ನನ್ನ ಹತ್ತಿರವೇ ಇದೆ. ಬೀರುವಿನಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ಸಂಗ್ರಹಾಲಯಕ್ಕೆ ಕೊಡೋಣ ಅಂತ ಎರಡು ಸಲ ಹೊರಟು ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ಮಗ್ಗಿ ಬರೆದ ಕಡತ ಕೊಡೋಕೆ ನಾಚಿಕೆ. ಆದರೆ ಹೋದ ತಿಂಗಳು ಬಿಸಿಲಿಗೆ ಇಟ್ಟಾಗ ಕೊನೆಯ ಎರಡು ಮಡಿಕೆ ಒಂದಕ್ಕೊಂದು ಅಂಟಿಕೊಂಡಿದ್ದು ಕಂಡಿತು. ಹುಡುಗನಾಗಿದ್ದ ನಾನು ಅದನ್ನು ಬಿಡಿಸಿರಲಿಲ್ಲ. ಸಂದಿಯಲ್ಲಿ ಟಾರ್ಚ್ ಬಿಟ್ಟರೆ ಬಿಳಿ ಅಕ್ಷರ ಕಾಣುತ್ತಿದೆ. ಮೋಡಿ ಬರಹ, ಅಂದರೆ ಅಕ್ಷರ ಕೂಡಿಸಿ ಸರಸರ ಬರೆದದ್ದು, ನನ್ನ ಕಣ್ಣಿಗೆ ಹತ್ತುತ್ತಿಲ್ಲ. ಎಳೆಯಲು ಧೈರ್ಯವೂ ಇಲ್ಲ. ತಿಳಿದವರ ಕೈಯಲ್ಲೇ ಬಿಡಿಸಬೇಕು. ಅದಕ್ಕೆ ಮೊದಲು ಈಗಿರುವ ಹಾಗೇ, ನನ್ನ ಎತ್ತಿನ ಗಾಡಿಯೂ ಸೇರಿದಂತೆ, ಒಂದೊಂದು ಮಡಿಕೆಯನ್ನೂ ಫೋಟೋ ತೆಗೆದಿಡಬೇಕು.

ಬರುವ ಭಾನುವಾರ ಬೆಳಗ್ಗೆ ಬೇಗ ಹೊರಡು. ನಿನ್ನ ಆ ಒಳ್ಳೇ ಕ್ಯಾಮೆರಾ ತಾ. ದೋಸೆ ಕಟ್ಟಿಸಿಕೊಂಡು ಬಂದರೆ ದೊಡ್ಡಮ್ಮ ಬೈಯುತ್ತಾಳೆ, ಆದರೂ ತಾ.

ಇಂತಿ ನಿನ್ನ
ದೊಡ್ಡಪ್ಪ